ಆಟದಲ್ಲಿ ಕೊಟ್ಟ ದೀಕ್ಷೆ


ಇಂದಿನ ಧಮ್ಮ ಚಿಂತನೆ



ಇಂದು ಉಪೋಸಥದ ಬಗ್ಗೆ ಬರೆಯುತ್ತೇನೆ ಎಂದು ನಿನ್ನೆ ಹೇಳಿದ್ದೆ. ಅದು ನಾಳೆಗಿರಲಿ. ಭಾನುವಾರ ರಾತ್ರಿ ನಮ್ಮ ಗುಂಪಿನ ಒಬ್ಬ ತಾಯಿ ಕಳಿಸಿದ ವಾಯ್ಸ್ ಮೆಸೇಜ್ ಎಲ್ಲರೂ ಕೇಳಿದ್ದೀರಿ. ಅದರ ಕೆಳಗೆ ನಡೆದ ವಾದವನ್ನೂ ಓದಿದ್ದೀರಿ. ಕೇಳದವರಿಗಾಗಿ ಎರಡು ಮಾತು: ರಜೆಗೆಂದು ಊರಿಗೆ ಬಂದ ಐದಾರು ಮಕ್ಕಳು ಹಿತ್ತಲಲ್ಲಿ "ದೀಕ್ಷೆ ಆಟ" ಆಡಿದ್ದಾರೆ. ಒಬ್ಬ ಹುಡುಗ ಅಮ್ಮನ ದುಪಟ್ಟಾ ಹೊದ್ದು ಭಂತೇಜಿ ಆಗಿದ್ದಾನೆ. ಉಳಿದವರು ಸಾಲಾಗಿ ಮಂಡಿಯೂರಿ, ಕೈ ಜೋಡಿಸಿ, ಅವನ ಹಿಂದೆ ತ್ರಿಸರಣ ಪಂಚಶೀಲ ಹೇಳಿದ್ದಾರೆ. ಕಡೆಗೆ ಗೂಟಕ್ಕೆ ಕಟ್ಟಿದ್ದ ಮೇಕೆಮರಿಗೂ ದೀಕ್ಷೆ ಆಗಿದೆ. ಅಷ್ಟರಲ್ಲಿ ತಾತ ಬಂದು ನೋಡಿ, "ತ್ರಿಸರಣ ಅಂದ್ರೆ ಏನು ಲಗೋರಿ ಅಂದ್ಕೊಂಡ್ರಾ?" ಎಂದು ಗದರಿ ಎಲ್ಲರನ್ನೂ ಚದುರಿಸಿದ್ದಾರೆ.

ಆ ತಾಯಿಯ ಪ್ರಶ್ನೆ ಒಂದಲ್ಲ, ಎರಡು. ಮಕ್ಕಳು ಮಾಡಿದ್ದು ಧಮ್ಮಕ್ಕೆ ಅಪಚಾರವೇ ಎಂಬುದು ಮೊದಲನೆಯದು. ಎರಡನೆಯದನ್ನು ಅವರು ಸ್ವಲ್ಪ ದನಿ ತಗ್ಗಿಸಿ ಕೇಳಿದರು. ಮಗಳು ಆಚೆ ಬೀದಿಯ ಮಕ್ಕಳ ಜೊತೆ ಸೇರಿ ಮಣ್ಣಿನ ಗಣಪತಿ ಮಾಡಿ, ಎಲೆಯ ಮೇಲೆ ಕಲ್ಲಿಟ್ಟು ನೈವೇದ್ಯ, ಕಡ್ಡಿಯಲ್ಲಿ ಮಂಗಳಾರತಿ, ಹೀಗೆ ಪೂಜೆ ಆಟವನ್ನೂ ಆಡುತ್ತಾಳಂತೆ. ಇದರಿಂದ 22 ಪ್ರತಿಜ್ಞೆ ಮುರಿದಂತಾಯಿತೇ?

ಮೊದಲು ತಾತನ ಸಿಟ್ಟಿನ ಬಗ್ಗೆ ಹೇಳಿಬಿಡುತ್ತೇನೆ. ಗುಂಪಿನ ಕೆಲ ಯುವಕರು ಅವರನ್ನು "ಹಳೆ ಕಾಲದವರು" ಎಂದು ಲಘುವಾಗಿ ಬರೆದದ್ದು ನನಗೆ ಸರಿ ಕಾಣಲಿಲ್ಲ. ಆ ತಲೆಮಾರಿನವರು ದೀಕ್ಷೆ ತಗೊಂಡಾಗ ದೇವರ ಪಟಗಳನ್ನು ಗೋಡೆಯಿಂದ ಇಳಿಸಿ ಹೊಳೆಗೆ ಬಿಟ್ಟು ಬಂದವರು. ಬಂಧುಗಳ ಮನೆಯ ಮದುವೆಗೆ ಕರೆ ನಿಂತುಹೋದದ್ದನ್ನು ಸಹಿಸಿಕೊಂಡವರು. 1990ರ ತಿದ್ದುಪಡಿ ಬರುವವರೆಗೆ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಬೌದ್ಧರಿಗೆ ಜಾಗವೇ ಇರಲಿಲ್ಲ. ದಾಖಲೆಯಲ್ಲಿ ಬೌದ್ಧ ಎಂದು ಬರೆಸಿದರೆ ಮಕ್ಕಳ ವಿದ್ಯಾರ್ಥಿವೇತನ, ನೌಕರಿಯ ಮೀಸಲಾತಿ ಕೈತಪ್ಪುವ ಭಯ ಇತ್ತು. ಅಷ್ಟಾದ ಮೇಲೂ ಊರಿನವರು ಅಂದದ್ದು ಒಂದೇ ಮಾತು: "ಇವರದೆಲ್ಲ ನಾಟಕ." ಆ ಮಾತು ಕೇಳಿ ಕೇಳಿ ಗಟ್ಟಿಯಾದ ಕಿವಿಗೆ ಮೊಮ್ಮಕ್ಕಳ ದೀಕ್ಷೆ ಆಟ ಹೇಗೆ ಕೇಳಿಸಿರಬೇಕು, ಯೋಚಿಸಿ.

ಇನ್ನೊಂದು ಕಾರಣವೂ ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಪೂಜ್ಯ ಚಂದ್ರಮಣಿ ಭಿಕ್ಖುಗಳಿಂದ ಬಾಬಾಸಾಹೇಬರು ಮತ್ತು ಸವಿತಾ ಮಾಯಿ ದೀಕ್ಷೆ ಪಡೆದರು. ಅನಂತರ ಬಾಬಾಸಾಹೇಬರೇ ನಿಂತು ಲಕ್ಷಾಂತರ ಜನರಿಗೆ ತ್ರಿಸರಣ, ಪಂಚಶೀಲ ಮತ್ತು 22 ಪ್ರತಿಜ್ಞೆ ಬೋಧಿಸಿದರು. ಗೃಹಸ್ಥರಿಗೆ ದೀಕ್ಷಾ ವಿಧಿ ಏಕೆ ಬೇಕೆಂದು ಅವರು ಬಹಳ ಯೋಚಿಸಿದ್ದರು. ಭಿಕ್ಖುವಾಗುವವನಿಗೆ ವಿಧಿ ಇತ್ತು, ಮನೆಯಲ್ಲಿದ್ದುಕೊಂಡೇ ಧಮ್ಮಕ್ಕೆ ಬರುವವನಿಗೆ ಪ್ರತ್ಯೇಕ ವಿಧಿ ಇರಲಿಲ್ಲ, ಹೀಗಾಗಿ ಜನ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟುಕೊಂಡೇ ಉಳಿದರು. ಈ ದೇಶದಲ್ಲಿ ಧಮ್ಮ ಕುಸಿಯಲು ಇದೂ ಒಂದು ಕಾರಣ ಎಂಬುದು "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಅವರ ಖಚಿತ ಅಭಿಪ್ರಾಯ. ಅಂದಮೇಲೆ ನಮ್ಮ ದೀಕ್ಷೆಯ ಮಾತು ಬಾಯುಪಚಾರದ ಮಾತಲ್ಲ. ಬಾಯಿಬಿಟ್ಟು ಹೇಳಿದ್ದರಿಂದಲೇ ಒಂದು ಇಡೀ ಸಮಾಜ ಗಡಿ ದಾಟಿತು.

ಹಾಗಾದರೆ ಮಾತಿಗೆ ಇಷ್ಟು ಬೆಲೆ ಇರುವಾಗ ಅದನ್ನು ಆಟಕ್ಕೆ ಆಡಿದರೆ ಏನಾಗುತ್ತದೆ?

ಈ ಪ್ರಶ್ನೆ ವಿನಯಪಿಟಕಕ್ಕೆ ಹೊಸದಲ್ಲ. ಅಲ್ಲಿ ಮೊದಲನೇ ಪಾರಾಜಿಕದ ವಿವರಣೆಯಲ್ಲಿ, ಒಬ್ಬ ಭಿಕ್ಖು ಸಂಘವನ್ನು ಬಿಟ್ಟು ಮನೆಗೆ ಮರಳುವುದು ಹೇಗೆ ಎಂಬ ಚರ್ಚೆ ಬರುತ್ತದೆ. ಅದನ್ನು "ಸಿಕ್ಖಾ"ವನ್ನು ತ್ಯಜಿಸುವುದು ಎನ್ನುತ್ತಾರೆ. (ಸಿಕ್ಖಾ ಎಂದರೆ ಶಿಕ್ಷೆ. ಆದರೆ ಮೇಷ್ಟ್ರು ಬೆತ್ತದಲ್ಲಿ ಕೊಡುವ ಶಿಕ್ಷೆಯಲ್ಲ, ಶಿಕ್ಷಣದೊಳಗಿರುವ ಶಿಕ್ಷೆ. ಕನ್ನಡದಲ್ಲಿ ಎರಡೂ ಒಂದೇ ಪದವಾಗಿರುವುದು ನಮ್ಮ ಶಾಲೆಗಳ ಚರಿತ್ರೆಯ ಬಗ್ಗೆ ಏನೋ ಹೇಳುತ್ತದೆ.) ಬಿಡುವುದಕ್ಕೆ ದೊಡ್ಡ ವಿಧಿಯೇನಿಲ್ಲ, ಅರ್ಥವಾಗುವ ಒಬ್ಬ ಮನುಷ್ಯನ ಮುಂದೆ ಸ್ಪಷ್ಟವಾಗಿ ಹೇಳಿದರೆ ಸಾಕು. ಒಂದು ಮಾತಿಗೆ ಅಷ್ಟು ಶಕ್ತಿ! ಅದಕ್ಕೇ ಯಾವ ಮಾತು ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಅಲ್ಲಿ ಎಣಿಸಿದ್ದಾರೆ. ಬುದ್ಧಿ ಕೆಟ್ಟವನು ಹೇಳಿದರೆ ಇಲ್ಲ, ನೋವಿನಲ್ಲಿ ನರಳುತ್ತ ಹೇಳಿದರೆ ಇಲ್ಲ, ಕೇಳುವವನಿಗೆ ಭಾಷೆಯೇ ತಿಳಿಯದಿದ್ದರೆ ಇಲ್ಲ, ಪ್ರಾಣಿಯ ಮುಂದೆ ಹೇಳಿದರೆ ಇಲ್ಲ, ತಮಾಷೆಗೆ ಹೇಳಿದರೂ ಇಲ್ಲ. ಸಾವಿರ ಸಲ ಹೇಳಲಿ, ಆಟದ ಮಾತಿಗೆ ಚೀವರ ಬೀಳುವುದಿಲ್ಲ.

ಆಟದ ಮಾತಿಗೆ ಚೀವರ ಬೀಳುವುದಿಲ್ಲ ಎಂದಾದರೆ ಆಟದ ಮಾತಿಗೆ ಚೀವರ ಏರುವುದೂ ಇಲ್ಲ. ಏರಲು ಇನ್ನೂ ಕಷ್ಟ. ಉಪಸಂಪದೆಗೆ 20 ವರ್ಷ ತುಂಬಿರಬೇಕು, ಉಪಾಧ್ಯಾಯರಿರಬೇಕು, ಸಂಘದ ಮುಂದೆ ಪ್ರಸ್ತಾವವಾಗಿ ಒಪ್ಪಿಗೆ ಸಿಗಬೇಕು. ಮಧ್ಯದೇಶದಲ್ಲಾದರೆ ಹತ್ತು ಭಿಕ್ಖುಗಳು, ಗಡಿನಾಡಿನಲ್ಲಾದರೆ ಐವರು ಇರಬೇಕು. ಹಿತ್ತಲಲ್ಲಿ ದುಪಟ್ಟಾ ಹೊದ್ದ ಹುಡುಗ ಇದರ ಹತ್ತಿರಕ್ಕೂ ಬರಲಿಲ್ಲ.

ಮೇಕೆಮರಿಯ ವಿಷಯಕ್ಕೂ ಮಹಾವಗ್ಗದಲ್ಲಿ ನೇರ ಉತ್ತರ ಇದೆ! ಒಬ್ಬ ನಾಗ ತನ್ನ ಹುಟ್ಟಿನ ಬಗ್ಗೆ ಬೇಸತ್ತು ಯುವಕನ ರೂಪದಲ್ಲಿ ಬಂದು ಭಿಕ್ಖುವಾದನಂತೆ. ಹಗಲೆಲ್ಲ ಸರಿ ಇತ್ತು. ನಿದ್ದೆ ಹತ್ತಿದಾಗ ನಿಜರೂಪ ಹೊರಬಿದ್ದು ಅವನ ಸುರುಳಿ ಕೋಣೆಯನ್ನೆಲ್ಲ ತುಂಬಿತು. ಜೊತೆಗಿದ್ದ ಭಿಕ್ಖು ಕಿರುಚಿದ. ಭಗವಾನರು ಆ ನಾಗನನ್ನು ಗದರಲಿಲ್ಲ. ಉಪೋಸಥ ಪಾಲಿಸು, ಒಳ್ಳೆಯದಾಗುತ್ತದೆ ಎಂದು ಹೇಳಿ ಕಳಿಸಿದರು. ಅಂದಿನಿಂದ ಪ್ರಾಣಿಗಳಿಗೆ ಉಪಸಂಪದೆ ಇಲ್ಲ ಎಂಬ ನಿಯಮ ಬಂತು. ಇಂದಿಗೂ ಉಪಸಂಪದೆಯ ಹೊತ್ತಿನಲ್ಲಿ ಅಭ್ಯರ್ಥಿಯನ್ನು ಕೇಳುವ ಪ್ರಶ್ನೆಗಳಲ್ಲಿ "ನೀನು ಮನುಷ್ಯನೇ?" ಎಂಬುದೂ ಒಂದು. ಕಥೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ತಪ್ಪು ಜಾಗಕ್ಕೆ ಆಸೆಯಿಂದ ಬಂದವನನ್ನು ಕೂಡ ಎಷ್ಟು ಮೆತ್ತಗೆ ಹೊರಗೆ ಕಳಿಸಿದರು, ಅದನ್ನು ಗಮನಿಸಿ.

ಎಲ್ಲ ಧರ್ಮಗಳೂ ಹೀಗೇ ಯೋಚಿಸಿಲ್ಲ. ಕ್ರೈಸ್ತರಲ್ಲಿ ಅಲೆಕ್ಸಾಂಡ್ರಿಯಾದ ಅಥನೇಸಿಯಸ್ ಎಂಬ ದೊಡ್ಡ ಧರ್ಮಗುರುವಿನ ಬಾಲ್ಯದ ಒಂದು ಕಥೆ ಇದೆ. ಸಮುದ್ರದ ದಂಡೆಯಲ್ಲಿ ಹುಡುಗರು ಚರ್ಚಿನ ಆಟ ಆಡುತ್ತಿದ್ದರಂತೆ. ಬಾಲಕ ಅಥನೇಸಿಯಸ್ ಬಿಷಪ್ ಆಗಿ ಜೊತೆಗಾರರಿಗೆ ದೀಕ್ಷಾಸ್ನಾನ ಮಾಡಿಸಿದ. ದೂರದಿಂದ ನೋಡಿದ ನಿಜವಾದ ಬಿಷಪ್ ಮಕ್ಕಳನ್ನು ಕರೆಸಿ ವಿಚಾರಿಸಿದರು. ನೀರು, ಮಾತು, ಕ್ರಮ ಎಲ್ಲವೂ ಸರಿಯಾಗಿದ್ದವು. ಆ ದೀಕ್ಷೆ ಆದಂತೆಯೇ ಸರಿ, ಮತ್ತೆ ಮಾಡಿಸಬೇಕಾಗಿಲ್ಲ ಎಂದು ತೀರ್ಮಾನಿಸಿದರು. ಇದು ನಡೆದದ್ದೇ ಅಲ್ಲ ಎನ್ನುವ ಇತಿಹಾಸಕಾರರೂ ಇದ್ದಾರೆ. ನಡೆದಿರಲಿ ಬಿಡಲಿ, ಕ್ರಮ ಸರಿಯಾಗಿದ್ದರೆ ಕ್ರಿಯೆ ಫಲಿಸುತ್ತದೆ ಎಂಬ ನಂಬಿಕೆ ಆ ಕಥೆಯೊಳಗಿದೆ. ನಮ್ಮ ವಿನಯದ ದಾರಿ ಬೇರೆ. ಹೇಳಿದವನ ಮನಸ್ಸು ಅಲ್ಲಿರಲಿಲ್ಲ ಎಂದರೆ ಅಲ್ಲೇನೂ ನಡೆದಿಲ್ಲ. ಚೇತನೆಯನ್ನೇ, ಅಂದರೆ ಮನಸ್ಸಿನ ಉದ್ದೇಶವನ್ನೇ ನಾನು ಕರ್ಮ ಎನ್ನುತ್ತೇನೆ ಎಂದ ಬುದ್ಧರಿಂದ ಬೇರೆ ಉತ್ತರ ನಿರೀಕ್ಷಿಸಲಾಗದು.

"ಆದರೆ ರಾಹುಲನಿಗೆ ಹೇಳಿದ್ದೇನು?" ಎಂದು ಗುಂಪಿನಲ್ಲಿ ಒಬ್ಬರು ಸರಿಯಾಗಿಯೇ ಕೇಳಿದರು. ಅಂಬಲಟ್ಠಿಕಾ ರಾಹುಲೋವಾದ ಸುತ್ತದಲ್ಲಿ ಭಗವಾನರು ಪಾತ್ರೆಯಲ್ಲಿ ಉಳಿದ ಚೂರು ನೀರನ್ನು ತೋರಿಸಿ, ಅದನ್ನು ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ, ಸುಳ್ಳಿಗೆ ನಾಚದವನ ಬಾಳು ಹೀಗೇ ಖಾಲಿ ಎಂದು ಮಗನಿಗೆ ಕಲಿಸುತ್ತಾರೆ. ತಮಾಷೆಗೂ ಸುಳ್ಳು ಹೇಳಬೇಡ ಎಂಬುದು ಆ ಪಾಠದ ತಿರುಳು. ಸಾಮ್ರಾಟ ಅಶೋಕ ರಾಜಸ್ಥಾನದ ಬೈರಾಟಿನ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಕೆಲವು ಪಾಠಗಳ ಹೆಸರು ಕೆತ್ತಿಸಿದ್ದಾನೆ. ಅವುಗಳಲ್ಲಿ ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಪಾಠವೂ ಇದೆ.

ಇದಕ್ಕೂ ಮೇಲಿನ ನಿಯಮಕ್ಕೂ ವಿರೋಧ ಕಾಣುತ್ತದೆಯೇ? ನನಗೆ ಕಾಣುವುದಿಲ್ಲ. ಸುಳ್ಳು ಎನ್ನಬೇಕಾದರೆ ಎದುರಿಗಿರುವವನನ್ನು ನಂಬಿಸುವ ಉದ್ದೇಶ ಇರಬೇಕು. "ನಾನು ಭಂತೇಜಿ" ಎಂದ ಹುಡುಗನನ್ನು ಅಲ್ಲಿ ಯಾರೂ ಭಂತೇಜಿ ಎಂದು ನಂಬಲಿಲ್ಲ. ನಂಬಿದ್ದರೆ ಮರುಗಳಿಗೆ ಅವನ ದುಪಟ್ಟಾ ಎಳೆದು "ಈಗ ನಂದು ಸರದಿ" ಎನ್ನುತ್ತಿರಲಿಲ್ಲ. ತಮ್ಮನಿಗೆ ಚಾಕೊಲೇಟು ಕೊಡುತ್ತೇನೆಂದು ಕೆಲಸ ಮಾಡಿಸಿಕೊಂಡು, ಆಮೇಲೆ "ಸುಮ್ನೆ ಅಂದೆ" ಎನ್ನುವುದು ರಾಹುಲನಿಗೆ ಬೇಡವೆಂದ ತಮಾಷೆ. ಅಲ್ಲಿ ಒಬ್ಬ ನಿಜಕ್ಕೂ ಮೋಸ ಹೋಗುತ್ತಾನೆ.

ವೇಷದಿಂದ ಮೋಸ ಮಾಡಿದವನ ಕಥೆಯೂ ವಿನಯದಲ್ಲಿದೆ. ಹಳೆಯ ಮನೆತನವೊಂದು ಕ್ಷಯಿಸಿ, ಸುಖದಲ್ಲಿ ಬೆಳೆದ ಒಬ್ಬನೇ ಉಳಿದ. ದುಡಿಯಲು ಬಾರದು. ಶಾಕ್ಯಪುತ್ರರಿಗೆ ಊಟಕ್ಕೆ ಕೊರತೆ ಇಲ್ಲ ಎಂದು ಲೆಕ್ಕ ಹಾಕಿ, ತಾನೇ ತಲೆ ಬೋಳಿಸಿ, ತಾನೇ ಚೀವರ ಉಟ್ಟು ವಿಹಾರಕ್ಕೆ ಹೋದ. ಎಷ್ಟು ವರ್ಷದ ಭಿಕ್ಖು, ಉಪಾಧ್ಯಾಯರು ಯಾರು ಎಂದು ಕೇಳಿದರೆ ತಬ್ಬಿಬ್ಬು. ಉಪಾಲಿ ಥೇರರು ವಿಚಾರಿಸಿದಾಗ ಬಯಲಾಯಿತು. (ಉಪಾಲಿ ಕ್ಷೌರಿಕ ಕುಲದವರು. ವಿನಯದ ಇಂಥ ಕಗ್ಗಂಟಿನ ಪ್ರಶ್ನೆಗಳಲ್ಲಿ ಅವರ ಮಾತು ಅಂತಿಮ ಎಂಬುದನ್ನು ಪ್ರತಿ ಸಲ ನೆನಪಿಸಬೇಕು ಅನ್ನಿಸುತ್ತದೆ.) ಹೀಗೆ ಕಳ್ಳತನದಿಂದ ಸಂಘದಲ್ಲಿ ಸೇರಿಕೊಂಡವನಿಗೆ ಉಪಸಂಪದೆ ಇಲ್ಲ ಎಂದಾಯಿತು. ಅವನೂ ವೇಷ ಹಾಕಿದ, ನಮ್ಮ ಹಿತ್ತಲ ಹುಡುಗನೂ ವೇಷ ಹಾಕಿದ. ಒಬ್ಬನದು ಹೊಟ್ಟೆಪಾಡಿನ ವಂಚನೆ. ಇನ್ನೊಬ್ಬನಿಗೆ ಆ ವೇಷದ ಮೇಲೆ ಪ್ರೀತಿ.

ಪ್ರೀತಿ ಎಂದು ಯಾಕೆ ಹೇಳುತ್ತೇನೆಂದರೆ, ಮಕ್ಕಳು ತಮಗೆ ದೊಡ್ಡದಾಗಿ ಕಂಡದ್ದನ್ನೇ ಆಡುತ್ತಾರೆ. ಇಪ್ಪತ್ತು ವರ್ಷದಿಂದ ಶಾಲೆಯ ಮೈದಾನದಲ್ಲಿ ನೋಡುತ್ತಿದ್ದೇನೆ. ಬಸ್ ಕಂಡಕ್ಟರ್ ಆಗುತ್ತಾರೆ, ಪೊಲೀಸ್ ಆಗುತ್ತಾರೆ, ಟೀಚರ್ ಆಗುತ್ತಾರೆ (ನನ್ನ ಅಣಕವನ್ನು ನಾನೇ ಕದ್ದು ನೋಡಿದ್ದೇನೆ, ಕನ್ನಡಕ ಮೂಗಿನ ತುದಿಗೆ ಜಾರಿಸಿ "ಒತ್ತಕ್ಷರ ಎಲ್ಲಿ?" ಎಂದು ಕೇಳುವುದು). ಗ್ರಾಮ ಲೆಕ್ಕಾಧಿಕಾರಿಯ ಆಟ ಆಡಿದ ಮಗುವನ್ನು ನಾನು ಕಂಡಿಲ್ಲ. ನಮ್ಮ ಮಕ್ಕಳು ಭಂತೇಜಿಯ ಆಟ ಆಡುತ್ತಾರೆ ಎಂದರೆ ವಿಹಾರಕ್ಕೆ ಕರೆದುಕೊಂಡು ಹೋದದ್ದು ಅವರ ಕಣ್ಣಿಗೆ ಬಿದ್ದಿದೆ.

ಅಶೋಕಾವದಾನದಲ್ಲಿ ಒಂದು ಪ್ರಸಂಗ ಬರುತ್ತದೆ. ರಾಜಗೃಹದ ಬೀದಿಯಲ್ಲಿ ಜಯ, ವಿಜಯ ಎಂಬಿಬ್ಬರು ಹುಡುಗರು ಮಣ್ಣಿನಲ್ಲಿ ಮನೆ ಕಟ್ಟಿ ಆಡುತ್ತಿದ್ದಾರೆ. ಬುದ್ಧರು ಭಿಕ್ಷೆಗೆ ಬರುತ್ತಾರೆ. ಜಯ ಒಂದು ಹಿಡಿ ಮಣ್ಣನ್ನೇ ಹಿಟ್ಟು ಎಂದು ಭಾವಿಸಿ ಅವರ ಪಾತ್ರೆಗೆ ಹಾಕುತ್ತಾನೆ. ವಿಜಯ ಕೈ ಮುಗಿದು ನಿಲ್ಲುತ್ತಾನೆ. ಆ ಜಯನೇ ಮುಂದೆ ಅಶೋಕನಾದ ಎಂದು ಕಥೆ ಮುಂದುವರಿಯುತ್ತದೆ. ಗಾಂಧಾರದ ಶಿಲ್ಪಿಗಳಿಗೆ ಈ ದೃಶ್ಯ ಎಷ್ಟು ಇಷ್ಟವೆಂದರೆ ಮತ್ತೆ ಮತ್ತೆ ಕೆತ್ತಿದ್ದಾರೆ. ಹಿಂದಿನ ಜನ್ಮದ ಕರ್ಮ ಈ ಜನ್ಮದಲ್ಲಿ ಫಲಿಸುತ್ತದೆ ಎಂಬ ವಾದವನ್ನು ಬಾಬಾಸಾಹೇಬರು ಒಪ್ಪಲಿಲ್ಲ, ಹಾಗಾಗಿ ಕಥೆಯ ಆ ಭಾಗವನ್ನು ನಾವು ಪಕ್ಕಕ್ಕಿಡೋಣ. ಅಶೋಕ ದೊಡ್ಡವನಾದದ್ದು ಕಳಿಂಗದ ಹೆಣಗಳನ್ನು ನೋಡಿ ಪಶ್ಚಾತ್ತಾಪಪಟ್ಟದ್ದರಿಂದ. ನಮ್ಮ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ "ರಾಯೋ ಅಸೋಕೋ" ಎಂದು ಹೆಸರು ಬರೆದ ಅವನ ಶಿಲ್ಪ ಸಿಕ್ಕಿದೆ, ಅಲ್ಲಿರುವವನು ಮನುಷ್ಯ ಅಶೋಕ.

ನನಗೆ ಬೇಕಾದದ್ದು ಆ ಕಥೆಯ ಮೊದಲ ಅರ್ಧ. ದಾನ ಎಂಬುದು ಗೃಹಸ್ಥನ ಮೊದಲ ಕರ್ತವ್ಯ, ಪಾತ್ರೆ ಎಂಬುದು ಭಿಕ್ಖುವಿನ ಊಟ. ಅದರೊಳಗೆ ಒಂದು ಮಗು ಆಟದ ಮಣ್ಣು ಹಾಕಿತು. ಕಥೆ ಕಟ್ಟಿದವರು ಬುದ್ಧರ ಕೈಯನ್ನು ಹಿಂದಕ್ಕೆ ಎಳೆಸಬಹುದಿತ್ತು, ಆನಂದರಿಂದ ಗದರಿಸಬಹುದಿತ್ತು. ಹಾಗೆ ಮಾಡಲಿಲ್ಲ. ಪಾತ್ರೆ ಮುಂದೆ ಚಾಚಿಯೇ ಇತ್ತು. ಸದ್ಧರ್ಮಪುಂಡರೀಕ ಸೂತ್ರದ ಎರಡನೇ ಅಧ್ಯಾಯವೂ ಆಟಕ್ಕೆ ಮರಳಿನ ಸ್ತೂಪ ಕಟ್ಟಿದ ಮಕ್ಕಳನ್ನು ಬುದ್ಧತ್ವದ ದಾರಿಯಲ್ಲಿರುವವರ ಸಾಲಿನಲ್ಲೇ ಕೂರಿಸುತ್ತದೆ. ಕನ್ನಡದಲ್ಲಿ ಓದಿಕೊಂಡವರಿಗೆ ಇಲ್ಲಿ ಕುರಿಗಾಹಿ ಗೊಲ್ಲಾಳ ನೆನಪಾಗಬೇಕು. ಯಾರೋ ತಮಾಷೆಗೆ ಕುರಿಯ ಹಿಕ್ಕೆ ಕೊಟ್ಟು ಇದೇ ಲಿಂಗ ಎಂದರಂತೆ, ಅವನು ಅದನ್ನೇ ನಿಜವೆಂದು ಪೂಜಿಸಿದನಂತೆ. ನಮ್ಮ ದಾರಿ ಅದಲ್ಲ, ಆದರೆ ಆ ಕಥೆಯಲ್ಲಿ ಹಗುರಾದವನು ಕೊಟ್ಟವನು, ಗೊಲ್ಲಾಳನಲ್ಲ.

ವಿಧಿ ಮತ್ತು ಆಟ ಬೇರೆ ಬೇರೆ ಕೋಣೆಯಲ್ಲಿರಬೇಕು ಎನ್ನುವವರಿಗೆ ಬರ್ಮಾದ ಶಿನ್‌ಬ್ಯೂ ನೆನಪಿಸುತ್ತೇನೆ. ಅಲ್ಲಿ ಹುಡುಗರನ್ನು ಶ್ರಾಮಣೇರರನ್ನಾಗಿ ಮಾಡುವ ದಿನ ಮೊದಲು ರಾಜಕುಮಾರನ ವೇಷ ಹಾಕುತ್ತಾರೆ. ಕಿರೀಟ, ರೇಷ್ಮೆ, ಮೇಲೆ ಛತ್ರಿ, ಕುದುರೆಯ ಮೇಲೆ ಮೆರವಣಿಗೆ. ಸಿದ್ಧಾರ್ಥ ಅರಮನೆ ಬಿಟ್ಟದ್ದನ್ನು ಆ ಹುಡುಗ ಆಡಿ ತೋರಿಸುತ್ತಾನೆ. ಆಮೇಲೆ ವೇಷ ಕಳಚಿ, ತಲೆ ಬೋಳಿಸಿ ಚೀವರ ಕೊಡುತ್ತಾರೆ. ನಾಟಕ ಎಲ್ಲಿ ಮುಗಿಯಿತು, ದೀಕ್ಷೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋದರೆ ಕಷ್ಟ. ಬಾಬಾಸಾಹೇಬರಿಗೆ ದೀಕ್ಷೆ ಕೊಟ್ಟ ಚಂದ್ರಮಣಿ ಭಿಕ್ಖುಗಳು ಅದೇ ಬರ್ಮಾದ ಅರಕಾನದಿಂದ ಬಂದು ಕುಶಿನಗರದಲ್ಲಿ ನೆಲೆಸಿದವರು.

ನಮ್ಮ ಮಕ್ಕಳ ಶಿಬಿರದಲ್ಲೂ ಸಿದ್ಧಾರ್ಥನ ಗೃಹತ್ಯಾಗ ಆಡಿಸುತ್ತೇವೆ, ಆದರೆ ರೋಗಿ, ಮುದುಕ, ಹೆಣದ ದೃಶ್ಯ ಅಲ್ಲ. ಬಾಬಾಸಾಹೇಬರು ಬರೆದಂತೆ ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಬಂದ ಜಗಳ, ಯುದ್ಧ ಬೇಡವೆಂದ ಸಿದ್ಧಾರ್ಥನಿಗೆ ವಿರುದ್ಧವಾಗಿ ಬಿದ್ದ ಬಹುಮತ. ಕಾವೇರಿ ಸೀಮೆಯ ಮಕ್ಕಳಿಗೆ ನೀರಿನ ಜಗಳ ಬಿಡಿಸಿ ಹೇಳಬೇಕಾಗಿಲ್ಲ. ಕೈ ಎತ್ತಿ ಮತ ಹಾಕುವಾಗ ಪ್ರತಿ ಸಲ ಒಂದಿಬ್ಬರು ಮಕ್ಕಳು ಪಾತ್ರ ಮರೆತು ಸಿದ್ಧಾರ್ಥನ ಕಡೆಗೇ ಕೈ ಎತ್ತಿಬಿಡುತ್ತಾರೆ. ಕಥೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಗಣಪತಿ ಆಟದ ವಿಷಯ. ಇಲ್ಲಿ ನಮ್ಮವರು ಜಾರುವುದನ್ನು ನೋಡಿದ್ದೇನೆ. ನಮ್ಮ ದೀಕ್ಷೆ ಆಟಕ್ಕೆ ಒಂದು ನ್ಯಾಯ, ಅವರ ಪೂಜೆ ಆಟಕ್ಕೆ ಇನ್ನೊಂದು ನ್ಯಾಯ. ಆಟದಲ್ಲಿ ಹೇಳಿದ ತ್ರಿಸರಣದಿಂದ ಯಾರೂ ಬೌದ್ಧರಾಗುವುದಿಲ್ಲ ಎಂದಮೇಲೆ ಆಟದಲ್ಲಿ ಎತ್ತಿದ ಕಡ್ಡಿಯ ಆರತಿಯಿಂದ ಯಾರೂ ಗಣಪತಿಯ ಭಕ್ತರಾಗುವುದಿಲ್ಲ. ನಾವು ಪ್ರತಿಜ್ಞೆ ಮಾಡಿರುವುದು ಆ ದೇವರುಗಳನ್ನು ನಂಬುವುದಿಲ್ಲ, ಪೂಜಿಸುವುದಿಲ್ಲ ಎಂದು. ಮಣ್ಣಿನ ಮುದ್ದೆಗೆ ಗರಿಕೆ ಸಿಕ್ಕಿಸಿ ನಗುವ ಒಂಬತ್ತು ವರ್ಷದ ಹುಡುಗಿ ಯಾವ ಪ್ರತಿಜ್ಞೆಯನ್ನೂ ಮುರಿದಿಲ್ಲ. ಅವಳನ್ನು ಕೂರಿಸಿಕೊಂಡು "ನಿನ್ನಿಂದ ಪಾಪವಾಯಿತು" ಎಂದು ಹೆದರಿಸಿದರೆ, ನಾವು ಬಿಟ್ಟು ಬಂದ ಮಡಿ ಮೈಲಿಗೆಯನ್ನೇ ಹಿಂಬಾಗಿಲಿನಿಂದ ಒಳಗೆ ಕರೆದಂತೆ.

ದೊಡ್ಡ ಮಕ್ಕಳು ಮೊಬೈಲಿನಲ್ಲಿ ಆಡುವ ಆಟಗಳ ಬಗ್ಗೆಯೂ ಒಬ್ಬರು ಕೇಳಿದ್ದರು. 2020ರಲ್ಲಿ ಪಬ್‌ಜಿ ಆಟದಲ್ಲಿ ಕಾಡಿನ ಕಂಬದಂಥ ವಿಗ್ರಹಗಳ ಮುಂದೆ ಬಾಗಿದರೆ ಆಟಗಾರನಿಗೆ ಶಕ್ತಿ ಸಿಗುವ ಹೊಸ ಏರ್ಪಾಡು ಬಂದಿತ್ತು. ಗಲ್ಫ್ ದೇಶಗಳ ಮುಸ್ಲಿಮರು, ಆಟವೇ ಆಗಲಿ ವಿಗ್ರಹಕ್ಕೆ ಬಾಗುವುದು ನಮಗೆ ಸಲ್ಲದು ಎಂದು ಪ್ರತಿಭಟಿಸಿದರು. ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆಯಿತು. ಅವರ ಶ್ರದ್ಧೆಗೆ ಆ ಆಕ್ಷೇಪ ಸಹಜ, ಅದನ್ನು ಗೌರವಿಸುತ್ತೇನೆ. ನನ್ನ ತಕರಾರು ಬೇರೆ. ಪರದೆಯ ಗೊಂಬೆ ಬಾಗಿತು ಎಂಬುದು ನನಗೆ ದೊಡ್ಡದಲ್ಲ. ಬಾಗಿದರೆ ಬಲ ಬರುತ್ತದೆ, ಕೈ ಮುಗಿದರೆ ಕೂಡಲೇ ಕಾಣಿಕೆ ಸಿಗುತ್ತದೆ ಎಂಬ ಲೆಕ್ಕವನ್ನು ದಿನಕ್ಕೆ ಐವತ್ತು ಸಲ ಬೆರಳಿಗೆ ಕಲಿಸುವುದು ಮಾತ್ರ ದೊಡ್ಡದು. ಬುದ್ಧರು ವರ ಕೊಡುವವರಲ್ಲ ಎಂದು ಹತ್ತು ವರ್ಷ ಹೇಳಿ ಬೆಳೆಸಿದ ಮಗುವಿಗೆ ಆ ಲೆಕ್ಕ ಎಷ್ಟು ಬೇಗ ಹಿಡಿಸುತ್ತದೆ ಎಂಬುದನ್ನು ಪರೀಕ್ಷೆಯ ಹಿಂದಿನ ದಿನ ನೋಡಬೇಕು.

ಈಗ ನನ್ನ ಮನಸ್ಸನ್ನು ನಿಜವಾಗಿ ಕೊರೆಯುವ ವಿಷಯ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ, ಊರ ಜಾತ್ರೆ ಮುಗಿದ ವಾರ, ಐದನೇ ತರಗತಿಯ ಮಕ್ಕಳು ಮೈದಾನದಲ್ಲಿ ತೇರಿನ ಆಟ ಆಡುತ್ತಿದ್ದರು. ರಟ್ಟಿನ ಡಬ್ಬಿ ತೇರು, ಟೈ ಅದರ ಹಗ್ಗ. ಒಬ್ಬ ಪೂಜಾರಿ, ನಾಲ್ವರು ತೇರೆಳೆಯುವವರು, ಇಬ್ಬರು ಹಣ್ಣು ಜವನ ಎಸೆಯುವವರು. ನಮ್ಮ ಕೇರಿಯ ಹುಡುಗನೊಬ್ಬ ಊಟದ ತಟ್ಟೆಯನ್ನು ತಮಟೆ ಮಾಡಿಕೊಂಡು ಮುಂದೆ ಬಾರಿಸುತ್ತ ಹೋಗುತ್ತಿದ್ದ. ಮೂರು ದಿನ ನೋಡಿದೆ. ಪೂಜಾರಿ ದಿನವೂ ಬದಲಾಗುತ್ತಿದ್ದ. ತಮಟೆಯವನು ಅವನೇ. ನಾಲ್ಕನೇ ದಿನ ಹತ್ತಿರ ಹೋಗಿ, "ಇವತ್ತು ಅವನು ಪೂಜಾರಿ ಆಗ್ಲಿ ಬಿಡ್ರಪ್ಪ" ಅಂದೆ. ಒಂದು ಹುಡುಗಿ, ಜಾಣೆ, ನನಗೆ ಪ್ರಿಯ ವಿದ್ಯಾರ್ಥಿನಿ, ತುಂಬ ಸಹಜವಾಗಿ ಹೇಳಿದಳು: "ಆಗಲ್ಲ ಮಿಸ್. ಅವನು ಮುಟ್ಟಿದ್ರೆ ತೇರು ಮೈಲಿಗೆ ಆಗುತ್ತೆ." ಇದು ರಟ್ಟಿನ ಡಬ್ಬಿ ಅಲ್ವೇನೇ ಅಂದೆ. "ಆಟದಲ್ಲೂ ಅಷ್ಟೆ ಮಿಸ್" ಅಂದಳು. ತಮಟೆಯ ಹುಡುಗ ನನ್ನ ಮುಖವನ್ನೇ ನೋಡಲಿಲ್ಲ. ತಟ್ಟೆ ಬಾರಿಸುತ್ತಲೇ ಇದ್ದ.

ಆಟದಲ್ಲಿ ಆರತಿ ಆರತಿಯಲ್ಲ, ತೇರು ತೇರಲ್ಲ, ದೇವರು ದೇವರಲ್ಲ. ಮೈಲಿಗೆ ಮಾತ್ರ ಆಟದಲ್ಲೂ ಮೈಲಿಗೆಯೇ!

ವಿನಯಪಿಟಕ ಇದನ್ನು ಕಂಡಿತ್ತು ಅನ್ನಿಸುತ್ತದೆ. ಪಾಚಿತ್ತಿಯದ ಎರಡನೇ ನಿಯಮ ಹೀನಾಯಿಸಿ ಮಾತಾಡುವುದರ ಬಗ್ಗೆ ಇದೆ. ಯಾವುದನ್ನೆಲ್ಲ ಹಿಡಿದು ಹೀನಾಯಿಸುತ್ತಾರೆ ಎಂದು ಅಲ್ಲಿ ಪಟ್ಟಿ ಮಾಡಿದ್ದಾರೆ. ಹುಟ್ಟು, ಹೆಸರು, ಗೋತ್ರ, ಕೆಲಸ, ಕಸುಬು, ರೋಗ, ಮೈಯ ಲಕ್ಷಣ ಹೀಗೆ. ಹುಟ್ಟಿನ ಕೆಳಗೆ ಚಂಡಾಲ, ಪುಕ್ಕುಸ ಮುಂತಾದ ಹೆಸರುಗಳು, ಕಸುಬಿನ ಕೆಳಗೆ ಬುಟ್ಟಿ ಹೆಣೆಯುವುದು, ಕುಂಬಾರಿಕೆ, ನೇಯ್ಗೆ, ಚರ್ಮದ ಕೆಲಸ, ಕ್ಷೌರ. ಹೀನಾಯಿಸಲೆಂದೇ ಆಡಿದರೆ ಪಾಚಿತ್ತಿಯ ದೋಷ. ಹೀನಾಯಿಸುವ ಉದ್ದೇಶವಿಲ್ಲದೆ ಬರೀ ತಮಾಷೆಗೆ ಆಡಿದರೆ? ದೋಷ ಹಗುರವಾಗುತ್ತದೆ, ಇಲ್ಲವಾಗುವುದಿಲ್ಲ. ಅದಕ್ಕೆ "ದುಬ್ಭಾಸಿತ" ಎಂಬ ಬೇರೆ ಹೆಸರನ್ನೇ ಇಟ್ಟಿದ್ದಾರೆ. ಅದೇ ವಿನಯ, ಅದೇ ತಮಾಷೆ. ಸಂಘ ಬಿಡುವ ಮಾತನ್ನು ತಮಾಷೆಗೆ ಆಡಿದರೆ ಏನೂ ಆಗಿಲ್ಲ ಎಂದ ಪುಸ್ತಕ, ಒಬ್ಬನ ಜಾತಿ ಹಿಡಿದು ತಮಾಷೆ ಮಾಡಿದರೆ ಆಗಿದೆ ಎನ್ನುತ್ತದೆ. ವಿಧಿಗೆ ನೋವಾಗುವುದಿಲ್ಲ. ಮನುಷ್ಯನಿಗೆ ಆಗುತ್ತದೆ, ಬೈದವನ ಉದ್ದೇಶ ಏನೇ ಇರಲಿ.

ಆದ್ದರಿಂದ ಆ ತಾಯಿಗೆ ನನ್ನ ಮಾತು ಇಷ್ಟು: ಮಗಳು ಪೂಜೆ ಆಟಕ್ಕೆ ಹೋಗುತ್ತಾಳೆಯೇ ಎಂದು ಕೇಳಬೇಡಿ, ಅಲ್ಲಿ ಅವಳಿಗೆ ಯಾವ ಪಾತ್ರ ಕೊಡುತ್ತಾರೆ ಎಂದು ಕೇಳಿ. ಸರದಿ ಬರುತ್ತದೆಯೇ, ಅಥವಾ ಯಾವಾಗಲೂ ದೂರ ನಿಂತು ಪ್ರಸಾದ ಎಸೆಸಿಕೊಳ್ಳುವವಳೇ? ದೂರ ನಿಲ್ಲಿಸುವ ಆಟವಾದರೆ ಅವತ್ತೇ ಬಿಡಿಸಿ. ಗಣಪತಿಗೂ ಅದಕ್ಕೂ ಸಂಬಂಧವಿಲ್ಲ.

ತಿರುಗಿಸಿ ನಮಗೂ ಇದನ್ನು ಅನ್ವಯಿಸಬೇಕು. ನಮ್ಮ ಮಕ್ಕಳು ಜುಟ್ಟು ಕಟ್ಟಿ, ಹೊಟ್ಟೆಗೆ ದಿಂಬು ಸಿಕ್ಕಿಸಿ ಪುರೋಹಿತನ ಅಣಕ ಮಾಡಿದರೆ ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ. ಇದಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೂ ಇದೆ. ಮಹಾತ್ಮ ಜೋತಿಬಾ ಫುಲೆ 1855ರಲ್ಲಿ ಬರೆದ "ತೃತೀಯ ರತ್ನ" ನಾಟಕದಲ್ಲಿ ಜೋಶಿಯೊಬ್ಬ ಬಸುರಿ ರೈತ ಹೆಂಗಸನ್ನೂ ಅವಳ ಗಂಡನನ್ನೂ ಗ್ರಹಚಾರದ ಹೆದರಿಕೆ ಹಾಕಿ, ಶಾಂತಿ ಮಾಡಿಸಿ ಸುಲಿಯುತ್ತಾನೆ. ರಂಗದ ಮೇಲೆ ಆ ವಿಧಿಗಳನ್ನು ಆಡಿ ತೋರಿಸದೆ ಆ ಸುಲಿಗೆಯನ್ನು ತೋರಿಸಲು ಬರುವುದಿಲ್ಲ. ದಕ್ಷಿಣಾ ಪ್ರೈಜ್ ಕಮಿಟಿ ಅದನ್ನು ತಿರಸ್ಕರಿಸಿತು, ಯಾಕೆಂದು ಊಹಿಸುವುದು ಕಷ್ಟವಲ್ಲ. ಆದರೆ ಫುಲೆಯವರ ಗುರಿ ಜೋಶಿಯ ಹೊಟ್ಟೆಯಲ್ಲ, ಜೋಶಿಯ ಮೋಸ. ನಾಟಕದ ಕೊನೆಗೆ ಗಂಡ ಹೆಂಡತಿ ಓದಲು ಕಲಿಯುವ ಕಡೆಗೆ ಹೊರಡುತ್ತಾರೆ. ನಮ್ಮ ಅಣಕದಲ್ಲಿ ಆ ಎರಡನೆಯ ಭಾಗ ಇದೆಯೇ? ಪಕ್ಕದ ಮನೆಯ ಹುಡುಗ ನಮಾಜು ಮಾಡುವ ರೀತಿಯನ್ನು ನಮ್ಮ ಮಕ್ಕಳು ಅಣಕಿಸಿ ನಕ್ಕರೆ ಅದರಲ್ಲಿ ಯಾವ ಸುಲಿಗೆ ಬಯಲಾಯಿತು? ಅದು ದುಬ್ಭಾಸಿತವೇ, ಬೇರೇನೂ ಅಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ, ಇದನ್ನು ಗುಂಪಿನಲ್ಲಿ ಯಾರೂ ಎತ್ತಲಿಲ್ಲ. ಹಿತ್ತಲ ಆಟದಲ್ಲಿದ್ದ ಮಕ್ಕಳಲ್ಲಿ ಇಬ್ಬರು ನಮ್ಮವರಲ್ಲ ಎಂದು ಆ ತಾಯಿ ಮಾತಿನ ನಡುವೆ ಹೇಳಿದ್ದಾರೆ. ಅವರೂ ಮಂಡಿಯೂರಿ ಕೂತು ಹೇಳಿದ್ದಾರೆ. ತ್ರಿಸರಣದ ತನಕ ಯಾರ ಅಭ್ಯಂತರವೂ ಇರಲಿಕ್ಕಿಲ್ಲ. ಮುಂದಿನ ಸಲ ಅದೇ ಭಂತೇಜಿ ಹುಡುಗ 22 ಪ್ರತಿಜ್ಞೆಯನ್ನೂ ನೆನಪು ಮಾಡಿಕೊಂಡು, ಆ ಇಬ್ಬರ ಬಾಯಲ್ಲಿ ಅವರ ಮನೆದೇವರನ್ನು ಬಿಡಿಸುವ ಮಾತು ಹೇಳಿಸಿದರೆ? ನಮ್ಮ ಪ್ರಕಾರ ಅದು ಏನೂ ಅಲ್ಲ. ಆ ಮಕ್ಕಳ ಮನೆಯಲ್ಲಿ ಅದು ಏನಾಗಿ ಕೇಳಿಸುತ್ತದೆ, ಆಮೇಲೆ ಊರಿನಲ್ಲಿ ಯಾರ ಬಾಗಿಲಿಗೆ ಜನ ಬರುತ್ತಾರೆ ಎಂಬುದು ನಿಮಗೆ ಗೊತ್ತಿದೆ. ಆ ಭಯ ಒಂದು ಕಡೆ ಇರಲಿ, ಭಯವಿಲ್ಲದಿದ್ದರೂ ಅದು ಸರಿಯಲ್ಲ.

ರಾಹುಲನಿಗೆ ಪಬ್ಬಜ್ಜಾ ಆದಾಗ ಅಜ್ಜ ಶುದ್ಧೋದನ ಭಗವಾನರ ಬಳಿ ಬಂದರು. ನೀನು ಹೋದಾಗ ನೊಂದೆ, ನಂದ ಹೋದಾಗ ನೊಂದೆ, ಈಗ ಈ ಮಗುವೂ ಹೋದ, ಈ ನೋವು ಚರ್ಮ ಮಾಂಸ ದಾಟಿ ಮೂಳೆಗೆ ಇಳಿಯುತ್ತದೆ ಎಂಬ ಅರ್ಥದಲ್ಲಿ ಹೇಳಿಕೊಂಡರು. ತಂದೆ ತಾಯಿಯರ ಒಪ್ಪಿಗೆ ಇಲ್ಲದೆ ಮಗುವಿಗೆ ಪಬ್ಬಜ್ಜಾ ಕೊಡಬಾರದು ಎಂದು ಕೇಳಿಕೊಂಡರು. ಬುದ್ಧರು ವಾದಿಸಲಿಲ್ಲ. ಅದನ್ನು ಭಿಕ್ಖುಗಳಿಗೆ ನಿಯಮವಾಗಿ ವಿಧಿಸಿದರು, ಇಂದಿಗೂ ಆ ನಿಯಮ ಇದೆ.

ನಾಳೆ: ಉಪೋಸಥದ ಎಂಟು ಶೀಲಗಳು.

ಭವತು ಸಬ್ಬ ಮಂಗಲಂ. ಜೈ ಭೀಮ್.